ಮಲಗಿಕೊಳ್ಳಿ ಅಮ್ಮಾ

ನಮ್ಮತ್ತೆಯ ಪಿತ್ತಕೋಶದ ಕಲ್ಲಿನ ಆಪರೇಷನ್ ಈ ವಾರ ಮುಗಿಯಿತು. ಆದರೆ ನನ್ನ ತಲೆಯಲ್ಲಿ ಇನ್ನೂ ಓಡುತ್ತಿರುವುದು ಅದಕ್ಕೂ ಮುಂಚೆ ಡಾಕ್ಟರ ಕೋಣೆಯಲ್ಲಿ ನಡೆದ ಜಗ್ಗಾಟ.

"ಮಲಗಿಕೊಳ್ಳಿ ಅಮ್ಮಾ" ಅಂದರು. ಅತ್ತೆ ಅಂಗಾತ ಮಲಗಿದರು, ಮಂಡಿ ಸ್ವಲ್ಪ ಮಡಚಿ, ಕೈ ಪಕ್ಕಕ್ಕಿಟ್ಟು. ಹಾಗೆ ಮಲಗಿದರೇನೇ ಹೊಟ್ಟೆ ಸಡಿಲವಾಗಿ ಒಳಗಿನದು ಕೈಗೆ ಸಿಗುವುದು. ಡಾಕ್ಟರು ಬಲಪಕ್ಕೆಯ ಕೆಳಗೆ ಬೆರಳೊತ್ತಿ ಉಸಿರು ಎಳೆಯಲು ಹೇಳಿದರು. ಅರ್ಧ ಎಳೆಯುವಷ್ಟರಲ್ಲಿ ಅತ್ತೆಗೆ ನೋವಿಗೆ ಉಸಿರೇ ನಿಂತಿತು. ಪಿತ್ತಕೋಶ ಊದಿಕೊಂಡಿದ್ದರೆ ಹಾಗಾಗುತ್ತದೆ.

"ವಾಂತಿ ಯಾವಾಗಿನಿಂದ?" ಅತ್ತೆ ಎದ್ದು ಕೂತರು, ಸೆರಗು ಸರಿಮಾಡಿಕೊಂಡರು, ಆಮೇಲೆ ಉತ್ತರ. "ಮಲಗಿಕೊಳ್ಳಿ ಅಮ್ಮಾ." ಮಲಗಿದರು. "ಕರಿದ ತಿಂಡಿ ತಿಂದರೆ ಜಾಸ್ತಿ ಆಗುತ್ತಾ?" ಮತ್ತೆ ಎದ್ದರು. ನನಗೆ ನಗು ತಡೆಯಲು ಆಗಲಿಲ್ಲ.

ನಿಂತವರ ಮುಂದೆ ಕಾಲು ಚಾಚಿ ಮಾತಾಡಲು ಅವರಿಗೆ ಸಂಕೋಚ ಅಂದುಕೊಂಡೆ. ಅವರು ಮನೆಯಲ್ಲೂ ಯಾರಾದರೂ ಅಂಗಾತ ಮಲಗಿದರೆ "ಎಡಮಗ್ಗುಲಾಗು" ಅಂತ ಗದರುವವರು. ಆಸ್ಪತ್ರೆಯ ಮಂಚದ ತಲೆ ಉತ್ತರಕ್ಕಿದೆಯಾ ಅಂತ ನರ್ಸನ್ನೂ ವಿಚಾರಿಸಿದ್ದರು!

ಸಂಜೆ ಅವರೇ ಹೇಳಿದರು. "ನಾನು ಮಲಗಿದ ಕೂಡಲೇ ಡಾಕ್ಟ್ರು ನಿನ್ನ ಗಂಡನ್ನ ಕೇಳ್ತಾರೆ ಕಣೇ. ಅವನಿಗೇನು ಗೊತ್ತು ನನ್ನ ಹೊಟ್ಟೆ?"

ಹೌದಲ್ವಾ! "ಇವರಿಗೆ ಊಟ ಸೇರುತ್ತಾ?" ಅಂತ ಮಂಚದ ಮೇಲಿಂದ ಹಾದು ಹೋದ ಪ್ರಶ್ನೆಗೆ ನನ್ನ ಗಂಡ "ಸೇರುತ್ತೆ ಸಾರ್" ಅಂದಿದ್ದ. ಅಮ್ಮ ಊಟ ಮಾಡಿದರೋ ಇಲ್ಲವೋ ಅಂತ ಒಂದು ದಿನ ನೋಡಿದವನಲ್ಲ, ಆದರೆ ಉತ್ತರ ಮಾತ್ರ ಖಡಾಖಂಡಿತ. ಡಾಕ್ಟರು ಕೆಟ್ಟವರಲ್ಲ, ಕೈಗುಣವೂ ಒಳ್ಳೆಯದೇ. ಆದರೂ ಮಲಗಿದವರು ಅವರ ಪಾಲಿಗೆ ಬರೀ ಹೊಟ್ಟೆ ಆಗಿಬಿಡುತ್ತಾರೆ.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಸ್ಕ್ಯಾನಿಂಗಿಗೆ ಹಾಗೇ ಮಲಗಿದ್ದೆ. ಗರ್ಭದ ಭಾರ ಬೆನ್ನ ಹತ್ತಿರದ ದೊಡ್ಡ ರಕ್ತನಾಳವನ್ನು ಒತ್ತಿದರೆ ತಲೆ ತಿರುಗುತ್ತದೆ. ಕಣ್ಣು ಕತ್ತಲೆ ಬಂದು ನಾನು ಬೆವರುತ್ತಿದ್ದರೆ ಸ್ಕ್ಯಾನ್ ಮಾಡುತ್ತಿದ್ದ ಇಬ್ಬರು ಮಾನಿಟರ್ ನೋಡುತ್ತಾ ರಜೆಯ ಮಾತಾಡುತ್ತಿದ್ದರು. ಎಡಕ್ಕೆ ತಿರುಗಿಸಿದ್ದು ಆಯಾ. ಅತ್ತೆಯ ಎಡಮಗ್ಗುಲಿನ ಉಪದೇಶ ಆವತ್ತು ಸರಿಯಾಗಿಯೇ ಇತ್ತು.

ಈ ಸಲ ನನಗೆ ಇಷ್ಟವಾದವರು ಅರಿವಳಿಕೆ ಡಾಕ್ಟರು. ಹಿಂದಿನ ದಿನ ಬಂದು ಕುರ್ಚಿ ಎಳೆದುಕೊಂಡು ಕೂತು ಅತ್ತೆಗೇ ಎಲ್ಲ ಹೇಳಿದರು. ಕೈಗಳನ್ನು ಪಕ್ಕದ ಹಲಗೆ ಮೇಲೆ ಚಾಚಿ ಇಡುತ್ತೇವೆ, 90 ಡಿಗ್ರಿ ದಾಟಿಸುವುದಿಲ್ಲ, ದಾಟಿದರೆ ಕಂಕುಳಿನ ನರ ಎಳೆಯುತ್ತದೆ. ಮೊಣಕೈಗೂ ಹಿಮ್ಮಡಿಗೂ ಮೆತ್ತೆ ಕೊಡುತ್ತೇವೆ, ಯಾಕೆಂದರೆ ಪ್ರಜ್ಞೆ ಇಲ್ಲದಾಗ ಒತ್ತುತ್ತಿದೆ ಅಂತ ನೀವು ಹೇಳುವ ಹಾಗಿಲ್ಲ. ಆಮೇಲೆ ಟೇಬಲ್ಲನ್ನು ತಲೆಕಡೆ ಎತ್ತಿ ಎಡಕ್ಕೆ ವಾಲಿಸುತ್ತಾರೆ, ಕರುಳು ಜರುಗಿ ಪಿತ್ತಕೋಶ ಕಾಣಲಿ ಅಂತ. ಜಾರದ ಹಾಗೆ ಬೆಲ್ಟ್ ಕಟ್ಟುತ್ತೇವೆ. ಅತ್ತೆ ಪ್ರತಿಯೊಂದಕ್ಕೂ ಹೂಂಗುಟ್ಟಿದರು. ಸಹಿಯನ್ನೂ ತಾವೇ ಹಾಕಿದರು.

ಈಗ ಮನೆಯಲ್ಲಿದ್ದಾರೆ. ಗಾಯಕ್ಕಿಂತ ಭುಜದ ನೋವು ಜಾಸ್ತಿಯಂತೆ. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ ಗ್ಯಾಸ್ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಕೆಣಕಿದ್ದಕ್ಕೆ ಭುಜದಲ್ಲಿ ನೋವು ಬರುವುದಂತೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಅತ್ತೆ ಒಪ್ಪುವುದಿಲ್ಲ. ನೋಡಲು ಬಂದವರಿಗೆಲ್ಲ "ಕೈ ಚಾಚಿ ಕಟ್ಟಿದ್ರಲ್ಲ, ಅದಕ್ಕೇ" ಅನ್ನುತ್ತಾರೆ. ನನ್ನ ಗಂಡ ಗ್ಯಾಸಿನ ವಿಷಯ ಬಿಡಿಸಿ ಹೇಳಲು ಹೋದ.

"ನೀನು ಸುಮ್ನಿರು. ಭುಜ ನಂದು."