ಎರಡು ಲೀಟರಿನ ಬಾಟಲಿ

ಮಳೆ ಅಳೆಯುವವರ ದಿನ ಶುರುವಾಗುವುದು ಬೆಳಿಗ್ಗೆ ಎಂಟೂವರೆಗೆ. ನಿನ್ನೆ ಎಂಟೂವರೆಯಿಂದ ಇಂದು ಎಂಟೂವರೆವರೆಗೆ ಬಿದ್ದದ್ದೆಲ್ಲ ಇಂದಿನ ಲೆಕ್ಕ. ಹವಾಮಾನ ಇಲಾಖೆಯ ಪದ್ಧತಿ ಅದು, ಶಿರಸಿ ಕಡೆ ತೋಟದ ಮನೆಗಳಲ್ಲಿ ಮಳೆ ಬರೆದಿಡುವವರದ್ದೂ ಅದೇ.

2024ರ ಜುಲೈ 16, ಮಂಗಳವಾರ. ಕಾರವಾರದ ಕಡಲತೀರದ ಉದ್ಯಾನ ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಅಷ್ಟರಲ್ಲೇ ಸೊಂಟದವರೆಗೆ ಒದ್ದೆಯಾಗಿದ್ದೆ. ಕೊಡೆ ಹಿಡಿದದ್ದು ನೆಪಕ್ಕೆ. ಆ ಗಾಳಿಯಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ಸಮುದ್ರದ ಕಡೆಯಿಂದ ಅಡ್ಡಡ್ಡ ಬರುತ್ತದೆ. ಪಂಪಿನ ಕೋಣೆಯ ಮಾಡಿನಡಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಿಂತಿದ್ದ ಮಾಲಿ ಅಕ್ಕ ದೂರದಿಂದಲೇ ಕೂಗಿದರು.

"ಮಾಸ್ತರ್ರೇ, ನಿಮ್ಮ ಬಾಟ್ಲಿ ತುಂಬಿ ಚೆಲ್ಲಿ ಹೋಗಿದೆ. ಈಗ ಎಷ್ಟು ಅಂತ ಬರೀತೀರಿ?"

ಆ ಮಳೆಮಾಪಕ ನಮ್ಮ ಅಪ್ಪಯ್ಯನದು. ಶಿರಸಿಯ ಮನೆಯ ಅಂಗಳದಲ್ಲಿ ವರ್ಷಗಟ್ಟಲೆ ನಿಂತದ್ದು. ಅಣ್ಣ ಹೊಸದು ತಂದ ಮೇಲೆ ಹಳೆಯದು ಅಟ್ಟ ಸೇರಿತ್ತು. ನಾನು ನಿವೃತ್ತನಾದ ಮೇಲೆ ಅದನ್ನು ಕೆಳಗಿಳಿಸಿ ಕಾರವಾರಕ್ಕೆ ತಂದೆ. ಒಂದು ವರ್ಷ, ಜೂನ್ 1ರಿಂದ ಮೇ 31ರವರೆಗೆ, ಸಮುದ್ರದ ಬದಿಯ ಒಂದೇ ಜಾಗದ ಹವೆಯನ್ನು ದಿನಾ ಬರೆದಿಡಬೇಕು ಎಂಬ ಹುಕಿ. ಮನೆಯ ಸುತ್ತ ಕಟ್ಟಡಗಳು, ಜಾಗವಿಲ್ಲ. ಉದ್ಯಾನದಲ್ಲಿ ಬೇಲಿಯ ಮೂಲೆ ಸಿಕ್ಕಿತು. ಕೇಳಿದ್ದಕ್ಕೆ ಮಾಲಿ ಅಕ್ಕ, "ಇಡಿ, ನಾನು ನೋಡ್ಕೊಳ್ತೇನೆ" ಅಂದಿದ್ದರು.

ಅದರ ಬಾಯಿಯ ವಿಸ್ತಾರ 200 ಚದರ ಸೆಂಟಿಮೀಟರ್. ಒಳಗಿನ ಬಾಟಲಿಯಲ್ಲಿ 20 ಮಿಲಿಲೀಟರ್ ನೀರು ಸೇರಿದರೆ 1 ಮಿಲಿಮೀಟರ್ ಮಳೆ. ಲೆಕ್ಕ ಇಷ್ಟು ಸುಲಭ. ಮೂಲ ಬಾಟಲಿ ಯಾವತ್ತೋ ಒಡೆದುಹೋಗಿತ್ತು. ನಾನು ತಂಪು ಪಾನೀಯದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಇಟ್ಟೆ. ಎರಡು ಲೀಟರ್ ಎಂದರೆ 100 ಮಿಲಿಮೀಟರ್. ಚೆಲ್ಲಿದ್ದು ಹೊರಗಿನ ಡಬ್ಬಿಯಲ್ಲಿ ನಿಲ್ಲಬೇಕು, ಆದರೆ ಆ ಡಬ್ಬಿಯ ತಳ ಬಿರುಕು ಬಿಟ್ಟಿತ್ತು. ಒಂದು ದಿನಕ್ಕೆ ನೂರು ಸಾಕಲ್ಲ ಎಂದುಕೊಂಡದ್ದು ನಾನೇ. ನೂರು ಇಂಚಿಗೂ ಮೇಲೆ ಮಳೆ ಬೀಳುವ ಊರಿನಲ್ಲಿ ಇದ್ದುಕೊಂಡು! ಹವಾಮಾನ ಇಲಾಖೆಯ ಭಾಷೆಯಲ್ಲಿ 64.5 ಮಿ.ಮೀ. ದಾಟಿದರೆ 'ಭಾರೀ ಮಳೆ', 115.6ರಿಂದ 'ಅತಿ ಭಾರೀ'. ಅಂದರೆ ನನ್ನ ಬಾಟಲಿಯ ಲೋಕದಲ್ಲಿ ಅತಿ ಭಾರೀ ಮಳೆ ಎಂಬುದೇ ಇರಲಿಲ್ಲ.

ಅವತ್ತು ಪುಸ್ತಕದಲ್ಲಿ '100+' ಎಂದು ಬರೆದೆ. ಆ ಕೂಡಿಸುವ ಚಿಹ್ನೆಯ ಆಚೆ ಏನಿತ್ತೋ, ಅದು ಮರಳಿಗೆ ಇಳಿದುಹೋಗಿತ್ತು.

ಮನೆಗೆ ಬಂದು ಟೀವಿ ಹಾಕಿದಾಗ ಅಂಕೋಲಾ ತಾಲೂಕಿನ ಶಿರೂರು. ಅದೇ ಬೆಳಿಗ್ಗೆ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಚಹಾದಂಗಡಿ, ವಾಹನ, ಮನುಷ್ಯರನ್ನು ಗಂಗಾವಳಿ ನದಿಗೆ ತಳ್ಳಿತ್ತು. ಆ ಅಂಗಡಿಯ ಎದುರು ಎಷ್ಟು ಸಲ ಹಾದುಹೋಗಿದ್ದೇನೋ. ಕೇರಳದ ಚಾಲಕನ ಲಾರಿಯನ್ನು ನದಿಯಿಂದ ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ, ಎರಡು ತಿಂಗಳ ಮೇಲೆ. ಅಷ್ಟು ದಿನವೂ ಯಾರಾದರೂ "ಆ ದಿನ ಮಳೆ ಎಷ್ಟಿತ್ತು ಮಾಸ್ತರ್ರೇ, ನೀವು ಬರೀತೀರಲ್ಲ" ಎಂದು ಕೇಳುವರೋ ಎಂಬ ಅಳುಕು. ಕೇಳಿದರು ಕೂಡ. ಇಡೀ ವರ್ಷದಲ್ಲಿ ಯಾವ ಒಂದು ದಿನದ ಅಂಕಿ ಬೇಕಿತ್ತೋ ಆ ದಿನದ್ದೇ ನನ್ನಲ್ಲಿರಲಿಲ್ಲ. ಮರುದಿನವೇ ಐದು ಲೀಟರಿನ ಕ್ಯಾನು ತಂದು ಇಟ್ಟೆನೆನ್ನಿ. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದ ದಿನದ ಪುಟದಲ್ಲಿ ಮಳೆಯ ಅಂಕಿ ಇದೆ, ಪಕ್ಕದಲ್ಲಿ 'ಸೇತುವೆ' ಎಂಬ ಒಂದೇ ಪದ. ಅವೆರಡಕ್ಕೂ ಸಂಬಂಧ ಉಂಟೋ ಇಲ್ಲವೋ, ನಾನು ಹೇಳುವವನಲ್ಲ.

ಉದ್ಯಾನದಲ್ಲಿ ಸಂಜೆ ಸೇರುವ ನಮ್ಮ ಬೆಂಚಿಗೆ ಅಂಕಿಯ ಹಂಗಿಲ್ಲ. ಒಬ್ಬರು "ಇಂಥಾ ಮಳೆ ಹುಟ್ಟಿದಮೇಲೆ ನೋಡಿಲ್ಲ" ಎಂದರೆ ಇನ್ನೊಬ್ಬರು "ಇದೆಂಥ ಮಳೆ, ನಾವು ಸಣ್ಣವರಿದ್ದಾಗ ಎಂಟೆಂಟು ದಿನ ಸೂರ್ಯ ಕಾಣ್ತಿರಲಿಲ್ಲ" ಎನ್ನುತ್ತಾರೆ. ಎರಡೂ ಮಾತು ಒಂದೇ ಸಂಜೆ, ಒಂದೇ ಬೆಂಚಿನಲ್ಲಿ. 2009ರ ಅಕ್ಟೋಬರಿನಲ್ಲಿ ಕಡವಾಡದ ಝರಿವಾಡದಲ್ಲಿ ಗುಡ್ಡ ಜಾರಿ ಜನ ಸತ್ತದ್ದು, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋಗುವಾಗ ಸಮುದ್ರ ದಂಡೆ ಹತ್ತಿದ್ದು, ಇವು ಎಲ್ಲರಿಗೂ ದಿನಾಂಕದ ಸಮೇತ ನೆನಪು. 2010ರ ಸಾದಾ ಜುಲೈ ಯಾರಿಗೆ ಗೊತ್ತು? ನಮ್ಮ ನೆನಪಿನಲ್ಲಿ ಉಳಿಯುವುದು ಚೆಲ್ಲಿದ ದಿನಗಳು ಮಾತ್ರ. ನನ್ನ ಪುಸ್ತಕದಲ್ಲಿ ಇಲ್ಲದ್ದೂ ಅವೇ. ಹೀಗಾಗಿ ನಾವಿಬ್ಬರೂ, ಬೆಂಚು ಮತ್ತು ಪುಸ್ತಕ, ಬೇರೆ ಬೇರೆ ಊರಿನವರ ಹಾಗೆ ಮಾತಾಡಿಕೊಳ್ಳುತ್ತಿದ್ದೆವು.

ಬೆಂಚಿನ ಮಾತೆಲ್ಲ ಸುಳ್ಳು ಎಂದಲ್ಲ. "ಮೊದಲು ನಮ್ಮ ಸಮುದ್ರದಲ್ಲಿ ಚಂಡಮಾರುತ ಎಲ್ಲಿತ್ತು, ಅದೆಲ್ಲ ಆ ಕಡೆ ಬಂಗಾಳ ಕೊಲ್ಲಿಯದು" ಎಂದು ಬೈತಕೋಲ್ ಬಂದರಿನ ಹಳೇ ಮೀನುಗಾರರೊಬ್ಬರು ಹೇಳುತ್ತಿದ್ದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಹೇಳಿದ್ದೂ ಅದನ್ನೇ: 1982ರಿಂದ 2000ದ ಅವಧಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ, ಬಂಗಾಳ ಕೊಲ್ಲಿಯಲ್ಲಿ ಸ್ವಲ್ಪ ಕಡಿಮೆಯಾಗಿವೆ. ಸಮುದ್ರದ ನೀರು ಬಿಸಿಯಾಗುತ್ತಿರುವುದು ಮುಖ್ಯ ಕಾರಣ. ಆದರೆ ಅದು ನಲವತ್ತು ವರ್ಷಗಳ ಲೆಕ್ಕ. ಒಂದು ಜಾಗದ 'ವಾಡಿಕೆ' ಎನ್ನಲು ಇಲಾಖೆಗೆ ಮೂವತ್ತು ವರ್ಷದ ದಾಖಲೆ ಬೇಕು. ನನ್ನದು ಒಂದು ವರ್ಷ, ಅದರಲ್ಲೂ ತೂತು.

ಅಣ್ಣ ಶಿರಸಿಯಿಂದ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದ. ಕುಶಲ ಕೇಳುವ ಮೊದಲೇ "ಎಷ್ಟಾತಾ ನಿಂಗಳ ಬದಿಗೆ?" ನಾನು ಅಂಕಿ ಹೇಳಿದರೆ ಅವನು ತನ್ನ ಅಂಕಿ ಹೇಳುತ್ತಿದ್ದ, ಆಮೇಲೆ ಅಡಿಕೆ ಕೊಳೆಯ ಗೋಳು. "ಮದ್ದು ಹೊಡಿಯಲೆ ಪುರುಸೊತ್ತೇ ಕೊಡ್ತಿಲ್ಲೆ ಮಳೆ." ಮೈಲುತುತ್ತು, ಸುಣ್ಣ ಕಲಸಿ ಕೊನೆಗಾರನನ್ನು ಮರ ಹತ್ತಿಸಲು ಒಂದೆರಡು ದಿನವಾದರೂ ಒಣ ಬೇಕು. ಅಪ್ಪಯ್ಯನ ಹಳೆಯ ಪುಸ್ತಕದಲ್ಲಿ ತಾರೀಖಿಗಿಂತ ನಕ್ಷತ್ರವೇ ದೊಡ್ಡ ಅಕ್ಷರದಲ್ಲಿ: 'ಆರ್ದ್ರೆ ಹಿಡಿಯಿತು', 'ಪುನರ್ವಸು ಬಿಡದೆ', 'ಪುಷ್ಯ ಅರ್ಧ ಹೊಳವು' (ಹೊಳವು ಎಂದರೆ ಮಳೆಯ ಬಿಡುವು). ಶಿರೂರು ಕುಸಿದದ್ದು ಪುನರ್ವಸುವಿನಲ್ಲಿ. ಅಪ್ಪಯ್ಯ ಇದ್ದಿದ್ದರೆ '100+' ಎಂದು ಬರೆಯುತ್ತಿರಲಿಲ್ಲ. 'ಪುನರ್ವಸು, ಬಾಟಲಿ ಸಾಲದು' ಎಂದಿರುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಅಳೆಯಲು ಏನೂ ಉಳಿಯದೆ ಮರಳು ಅಳೆಯಲು ಹೊರಟೆ. ಕೊನೆಯ ಗಾಳಿ ಮರದಿಂದ ನೀರಿನವರೆಗೆ ಎಷ್ಟು ಹೆಜ್ಜೆ ಎಂದು. ಮಳೆಗಾಲದ ಅಲೆ ದಂಡೆಯ ಮರಳನ್ನು ಎಳೆದು ಒಳಗೆ ಇಡುತ್ತದೆ, ಸಮುದ್ರ ತಣ್ಣಗಾದ ಮೇಲೆ ಮೆಲ್ಲಗೆ ವಾಪಸು ತಂದು ಹಾಕುತ್ತದೆ. ಇದು ಪ್ರತಿ ವರ್ಷದ್ದು. ಎರಡು ತಿಂಗಳು ಶ್ರದ್ಧೆಯಿಂದ ಎಣಿಸಿದ ಮೇಲೆ ರಂಪಣಿ ಬಲೆ ಎಳೆಯುವ ಹುಡುಗನೊಬ್ಬ "ಸರ್, ಭರತ ಇಳಿತ ನೋಡಿ ಎಣಿಸ್ತೀರೋ?" ಎಂದ. ನೋಡಿರಲಿಲ್ಲ. ಆ ಪುಟಗಳನ್ನು ಹರಿದು ಬಿಸಾಡಿದೆ.

ಹೆಚ್ಚು ಕಲಿಸಿದ್ದು ಫೆಬ್ರವರಿ. ನಮ್ಮ ಕರಾವಳಿಯಲ್ಲಿ ಅತಿ ಸೆಕೆಯ ತಿಂಗಳು ಯಾವುದು ಎಂದರೆ ಎಲ್ಲರೂ ಮೇ ಎನ್ನುತ್ತಾರೆ. ಬೆವರಿನ ಲೆಕ್ಕದಲ್ಲಿ ಅದು ಸರಿ. ಥರ್ಮಾಮೀಟರಿನ ಲೆಕ್ಕ ಬೇರೆ. ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತು ಹನ್ನೊಂದಕ್ಕೆಲ್ಲ ಸಮುದ್ರದ ಗಾಳಿ ಎದ್ದು ಬಿಸಿಲಿನ ಕೋರೆ ಮುರಿಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕೆಲವು ದಿನ ಪೂರ್ವದ ಒಣಗಾಳಿ ಘಟ್ಟ ಇಳಿದು ಬರುತ್ತದೆ, ಇಳಿಯುತ್ತಾ ಬಿಸಿಯಾಗುತ್ತದೆ, ಸಮುದ್ರದ ಗಾಳಿಯನ್ನು ಮಧ್ಯಾಹ್ನದವರೆಗೂ ದಂಡೆಗೆ ಬಿಡುವುದಿಲ್ಲ. 2025ರ ಫೆಬ್ರವರಿ ಕೊನೆಯ ವಾರ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂತು. ಕರಾವಳಿಯಲ್ಲಿ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೇಲಿದ್ದರೆ ಬಿಸಿಗಾಳಿ ಎನ್ನುವುದು. ಅವತ್ತು ಉದ್ಯಾನದಲ್ಲಿ ಗಾಳಿ ಮರದ ಸದ್ದಿಲ್ಲ. ಆ ಮರ ಸುಮ್ಮನಿದ್ದದ್ದನ್ನು ನಾನು ನೋಡಿದ್ದೇ ಕಡಿಮೆ. ಐಎನ್‌ಎಸ್ ಚಪಲ್ ಯುದ್ಧನೌಕೆ ನೋಡಲು ಬಂದ ಪ್ರವಾಸಿಗಳು ಹಡಗಿನ ಕಬ್ಬಿಣ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಮರದ ತುದಿ ಅಲ್ಲಾಡಿತು, ಪಶ್ಚಿಮದಿಂದ ಉಪ್ಪಿನ ವಾಸನೆ ಬಂತು. ಹತ್ತೇ ನಿಮಿಷದಲ್ಲಿ ಬೇರೆ ಊರು. ಮಾಲಿ ಅಕ್ಕ ಪೈಪು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡು, "ಬಂತು ನೋಡಿ, ಇವತ್ತು ಲೇಟು" ಅಂದರು, ಬಸ್ಸಿನ ಬಗ್ಗೆ ಹೇಳಿದ ಹಾಗೆ.

ನನ್ನ ಥರ್ಮಾಮೀಟರು ಆಗ ತೋರಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ತಗಡಿನ ಮಾಡಿನ ಕೆಳಗೆ ಗೋಡೆಗೆ ನೇತಾಡುತ್ತಿತ್ತು. ಅಳೆದದ್ದು ಗಾಳಿಯನ್ನಲ್ಲ, ತಗಡನ್ನು.

ಮೇ 31ಕ್ಕೆ ಪುಸ್ತಕ ಮುಚ್ಚುವ ಲೆಕ್ಕ. ಕೊನೆಯ ಹತ್ತು ದಿನಕ್ಕೆ ಎಲ್ಲೋ ಒಂದೆರಡು ಗುಡುಗು ಮಳೆ, ಉಳಿದದ್ದು ಸೊನ್ನೆ ಎಂದುಕೊಂಡು ನಾಲ್ಕು ದಿನ ಶಿರಸಿಗೆ ಹೋದೆ. ಅಲ್ಲಿರುವಾಗಲೇ ಆಕಾಶ ಕಪ್ಪಿಟ್ಟು ಸುರಿಯತೊಡಗಿತು. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, 2009ರ ನಂತರ ಇಷ್ಟು ಬೇಗ ಬಂದಿರಲಿಲ್ಲ. 26ಕ್ಕೆ ಮುಂಬಯಿ ದಾಟಿತ್ತು. ನಮ್ಮಲ್ಲಿ ಮೃಗಶಿರ ತಂದುಕೊಡಬೇಕಾದ ಮಳೆಯನ್ನು ರೋಹಿಣಿಯೇ ತಂದಿತ್ತು. ಮೀನುಗಾರಿಕೆಯ ರಜೆ ಜೂನ್ 1ಕ್ಕೆ ಶುರು. ಅದಕ್ಕೂ ಮೊದಲೇ ದೋಣಿಗಳೆಲ್ಲ ಬೈತಕೋಲಿನಲ್ಲಿ ಒತ್ತಿ ನಿಂತಿದ್ದವಂತೆ.

ಕಾರವಾರಕ್ಕೆ ಬಂದವನೇ ಉದ್ಯಾನಕ್ಕೆ ಓಡಿದೆ. ಬೇಲಿಯ ಮೂಲೆಯಲ್ಲಿ ಕ್ಯಾನು ಇದೆ, ಮೇಲಿನ ಆಲಿಕೆ ಇಲ್ಲ. ಪಂಪಿನ ಕೋಣೆಯಲ್ಲಿ ನೋಡಿದರೆ, ಡೀಸೆಲ್ ಡಬ್ಬಿಯ ಬಾಯಿಗೆ ಸಿಕ್ಕಿಸಿ ಇಟ್ಟಿದೆ.

"ಬೇಸಿಗೆಯಲ್ಲಿ ಸುಮ್ಮನೆ ಬಿದ್ದಿತ್ತಲ್ಲ ಮಾಸ್ತರ್ರೇ, ಪಂಪಿಗೆ ಸುರಿಯಲಿಕ್ಕೆ ತಗೊಂಡೆ. ಮಳೆ ಇಷ್ಟು ಬೇಗ ಬರ್ತದೆ ಅಂತ ನನಗೇನು ಗೊತ್ತು?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಸೋಪು ಹಾಕಿ ತೊಳೆದೆವು, ಎರಡು ಸಲ. ವಾಸನೆ ಹೋಗಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನು. ಅಣ್ಣ.

"ಎಷ್ಟಾತಾ ನಿಂಗಳ ಬದಿಗೆ?"

"ನಾಳೆ ಎಂಟೂವರೆಗೆ ಹೇಳ್ತಿ" ಎಂದು ಫೋನಿಟ್ಟು, ಆಲಿಕೆಯನ್ನು ಮೂರನೇ ಸಲ ತೊಳೆಯಲು ಕೂತೆ.