ಗೊರ್ಯೊ ಸೆಲಡಾನ್ ಬಟ್ಟಲು: ಸಾಂಗ್‌ಗಾಮ್ ಹಂತ

ದಕ್ಷಿಣ ಕೊರಿಯಾದ ಇಚಾನ್‌ನ ಕಾರ್ಯಾಗಾರವೊಂದರಲ್ಲಿ ಚಳಿಗಾಲದಿಂದ ನಾನು ನಡೆಸುತ್ತಿರುವ ಸೆಲಡಾನ್ (ಹಸಿರು ಹೊಳಪಿನ ಪಿಂಗಾಣಿ) ಬಟ್ಟಲುಗಳ ಕೆಲಸ ಈ ತಿಂಗಳು ಸಾಂಗ್‌ಗಾಮ್, ಅಂದರೆ ಕೆತ್ತಿ ತುಂಬುವ ಹಂತಕ್ಕೆ ಬಂದಿದೆ. ಅರೆ ಒಣಗಿದ ಮಣ್ಣಿನ ಮೈಯಲ್ಲಿ ಚಿತ್ತಾರ ಕೊರೆದು, ಆ ಗೀರುಗಳಿಗೆ ಬೇರೆ ಮಣ್ಣನ್ನು ತುಂಬಿ, ಮೇಲೆ ಪಾರದರ್ಶಕ ಹಸಿರು ಗ್ಲೇಜ್ (ಗಾಜಿನಂಥ ಲೇಪ) ಕೊಡುವ ಈ ಕಲೆಯನ್ನು ಕೊರಿಯಾವನ್ನು ಆಳಿದ ಗೊರ್ಯೊ ಅರಸರ ಕಾಲದ ಕುಂಬಾರರು 12ನೇ ಶತಮಾನದಲ್ಲಿ ಪಕ್ವಗೊಳಿಸಿದರು. ಬೀದರಿನ ಬಿದ್ರಿ ಕಸುಬಿನಲ್ಲಿ ಬೆಳ್ಳಿ ಕೂರುವ ಹಾಗೆಯೇ ಇಲ್ಲಿ ಮಣ್ಣಿನೊಳಗೆ ಮಣ್ಣು ಕೂರುತ್ತದೆ. ಗೊರ್ಯೊ ಕಾಲದ ಕಂಚಿನ ಕುಂಡಿಕೆಗಳ (ನೀರಿನ ಪಾತ್ರೆಗಳ) ಮೇಲೂ ಬೆಳ್ಳಿಯ ತಂತಿ ಕೂರಿಸಿ ಜೊಂಡು, ನೀರುಹಕ್ಕಿಗಳನ್ನು ಬಿಡಿಸುತ್ತಿದ್ದರು.

ಇಡೀ ಕೆಲಸ ನಿಂತಿರುವುದು ಹದದ ಮೇಲೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಆದರೆ ಬಟ್ಟಲು ಬಾಗಬಾರದು. ಅದಕ್ಕಿಂತ ಹಸಿಯಾಗಿದ್ದರೆ ಗೀರಿನ ಅಂಚು ಹರಿದು ಎದ್ದುಕೊಳ್ಳುತ್ತದೆ, ಒಣಗಿದ್ದರೆ ಚಕ್ಕೆ ಏಳುತ್ತದೆ. ನಾನು ಆರಿಸಿಕೊಂಡಿರುವುದು ಮೋಡಗಳ ನಡುವೆ ಹಾರುವ ಕೊಕ್ಕರೆಯ ಚಿತ್ತಾರ. ಕೊಕ್ಕರೆಯ ಮೈಗೂ ಮೋಡಗಳಿಗೂ ಬಿಳಿ ಮಣ್ಣು, ಕೊಕ್ಕು ಮತ್ತು ಕಾಲುಗಳಿಗೆ ಕಬ್ಬಿಣಾಂಶ ಹೆಚ್ಚಿರುವ ಕೆಂಪು ಮಣ್ಣು. ಕೆಂಪು ಮಣ್ಣು ಸುಡುವ ಗೂಡಿನಿಂದ ಕಪ್ಪಾಗಿ ಹೊರಬರುತ್ತದೆ. ಗೀರಿಗೆ ತುಂಬುವ ಮಣ್ಣು ಗಂಜಿಯ ಹದದಲ್ಲಿರುವುದರಿಂದ ಬಟ್ಟಲಿಗಿಂತ ಹೆಚ್ಚು ಕುಗ್ಗಿ ತಗ್ಗಾಗುತ್ತದೆ. ಆದ್ದರಿಂದ ಕುಂಚದಿಂದ ತೆಳುವಾಗಿ ಹಚ್ಚಿ, ಆರಲು ಬಿಟ್ಟು, ಮತ್ತೆ ಹಚ್ಚಿ, ಮೇಲ್ಮೈಯಿಂದ ಸ್ವಲ್ಪ ಉಬ್ಬುವವರೆಗೂ ತುಂಬುತ್ತಿದ್ದೇನೆ. ಆಗ ಚಿತ್ತಾರವೆಲ್ಲ ಮಬ್ಬು ಬಿಳಿ ಕಲೆಯಂತೆ ಕಾಣುತ್ತದೆ. ಮರುದಿನ ಲೋಹದ ತೆಳು ಅಲಗನ್ನು ಮಲಗಿಸಿ ಹೆರೆಯುತ್ತ ಹೋದಂತೆ ಮೊದಲು ರೆಕ್ಕೆಯ ಗರಿಗಳು, ಬಳಿಕ ಕೂದಲೆಳೆಯಷ್ಟು ತೆಳ್ಳಗಿನ ಕಾಲು ಸ್ಪಷ್ಟವಾಗಿ ಮೂಡುತ್ತವೆ. ಈ ಕಸುಬಿನಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಗಳಿಗೆ ಇದು.

ಬಣ್ಣದ ವಿಷಯದಲ್ಲಿ ಸಾಂಗ್‌ಗಾಮ್ ಇನ್ನೊಂದು ಶಿಸ್ತನ್ನು ಬೇಡುತ್ತದೆ. 1146ರಲ್ಲಿ ತೀರಿಕೊಂಡ ಇಂಜೊಂಗ್ ದೊರೆಯ ಸಮಾಧಿಯಲ್ಲಿ ದೊರೆತ ಕಲ್ಲಂಗಡಿಯಾಕಾರದ ಹೂಜಿಯ ಮೇಲೆ ಚಿತ್ತಾರವೇ ಇಲ್ಲ. ಅದರ ಸೊಬಗೆಲ್ಲ ಆಕಾರದಲ್ಲೂ ಬೂದುಹಸಿರು ಗ್ಲೇಜ್‌ನಲ್ಲೂ ಇದೆ. 1159ರಲ್ಲಿ ತೀರಿಕೊಂಡ ಅಧಿಕಾರಿ ಮುನ್ ಗೊಂಗ್‌ಯು ಅವರ ಸಮಾಧಿಯಲ್ಲಿ ಸಿಕ್ಕಿತೆಂದು ಹೇಳಲಾಗುವ ಬಟ್ಟಲಿನಲ್ಲಿ ಬಳ್ಳಿಯ ಸಾಂಗ್‌ಗಾಮ್ ಇದ್ದು, ಗ್ಲೇಜ್ ತಿಳಿಯಾಗಿರುವುದರಿಂದ ಅದು ನಿಚ್ಚಳವಾಗಿ ಕಾಣುತ್ತದೆ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾನು ತಿಳಿ ಗ್ಲೇಜ್ ಕಡೆಗೇ ವಾಲಿದ್ದೇನೆ; ದಟ್ಟ ಹಸಿರು ಎಷ್ಟೇ ಚೆಂದವಿದ್ದರೂ ಅದರಡಿಯಲ್ಲಿ ಕೊಕ್ಕರೆಯ ಕಾಲು ಮುಳುಗಿಹೋಗುತ್ತದೆ.

ಮೊದಲ ಸುಡುವಿಕೆ ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಗಿದಿದೆ. ತುಂಬಿದ ಮಣ್ಣು ಎಲ್ಲೂ ಬಿಟ್ಟುಕೊಂಡಿಲ್ಲ. ಮುಂದಿನದು ಗ್ಲೇಜ್ ಸುಡುವಿಕೆ: ಗ್ಲೇಜ್‌ನಲ್ಲಿ ಶೇ. 2ರ ಆಸುಪಾಸಿನಲ್ಲಿ ಕಬ್ಬಿಣದ ಆಕ್ಸೈಡ್ ಇದ್ದು, 1,200 ಡಿಗ್ರಿ ದಾಟುವ ಗ್ಯಾಸ್ ಗೂಡಿನೊಳಗೆ ಗಾಳಿಯನ್ನು ಕಡಿಮೆ ಮಾಡಿದಾಗ ಬೆಂಕಿಯು ಆ ಆಕ್ಸೈಡ್‌ನಿಂದಲೇ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಹಸಿರು ಹುಟ್ಟುತ್ತದೆ. ಗಾಳಿ ಧಾರಾಳವಾಗಿದ್ದರೆ ಅದೇ ಗ್ಲೇಜ್ ಹಳದಿಗೋ ಕಂದಿಗೋ ತಿರುಗುತ್ತದೆ. ಬಟ್ಟಲುಗಳನ್ನು ಗೂಡಿಗೆ ಇಡುವ ಮುನ್ನ, ಇದೇ ಚಿತ್ತಾರ ತುಂಬಿದ ಬಿಲ್ಲೆಗಳ ಮೇಲೆ ಗ್ಲೇಜ್ ಅನ್ನು ತೆಳು, ಮಧ್ಯಮ, ದಪ್ಪ ಎಂದು ಬೇರೆ ಬೇರೆಯಾಗಿ ಹಚ್ಚಿ ಸುಟ್ಟು ನೋಡಲಿದ್ದೇನೆ.