ಓಡುವ ಎಂಜಿನ್ನಿಗೆ ಗಾಜು ಕುಡಿಸಿದ ಕಥೆ

ಹಳೇ ಕಾರು ಗುಜರಿಗೆ ಕೊಟ್ಟರೆ ಹೊಸದಕ್ಕೆ ಸರ್ಕಾರ ದುಡ್ಡು ಕೊಡುವ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಅಂತ ಎಂಜಿನ್ ಕೆಲಸದವನನ್ನು ಕೇಳಬಾರದು. ಬೋರಿಂಗ್, ಪಿಸ್ಟನ್ ರಿಂಗು, ಬೇರಿಂಗ್ ಅಂತ ನನ್ನ ಹೊಟ್ಟೆಪಾಡು ನಡೆಯುವುದೇ ಹಳೇ ಗಾಡಿಗಳಿಂದ. ಹಾಗಾಗಿ ಇದನ್ನು ಸ್ವಲ್ಪ ಸೋಸಿಕೊಂಡೇ ಓದಿ.

ಇಂಥ ಯೋಜನೆಗಳಲ್ಲಿ ಹೆಚ್ಚು ಹೆಸರು ಮಾಡಿದ್ದು 2009ರಲ್ಲಿ ಅಮೆರಿಕ ತಂದ 'ಕ್ಯಾಶ್ ಫಾರ್ ಕ್ಲಂಕರ್ಸ್', ಅಂದರೆ 'ಡಕೋಟಾ ಗಾಡಿಗೆ ದುಡ್ಡು'. ಆರ್ಥಿಕ ಕುಸಿತದಲ್ಲಿ ಕಾರು ಕಂಪನಿಗಳು ಮಕಾಡೆ ಮಲಗಿದ್ದ ಸಮಯ. ಲೀಟರಿಗೆ ಸುಮಾರು ಏಳೂವರೆ ಕಿಲೋಮೀಟರೋ ಅದಕ್ಕಿಂತ ಕಡಿಮೆಯೋ ಕೊಡುವ ಕಾರು ತಂದುಕೊಟ್ಟರೆ, ಹೆಚ್ಚು ಮೈಲೇಜಿನ ಹೊಸ ಕಾರಿಗೆ 3,500 ಅಥವಾ 4,500 ಡಾಲರ್. ಮೊದಲು ತೆಗೆದಿಟ್ಟ 100 ಕೋಟಿ ಡಾಲರ್ ಕೆಲವೇ ದಿನಗಳಲ್ಲಿ ಖಾಲಿಯಾಗಿ, ಇನ್ನೂ 200 ಕೋಟಿ ಸುರಿದರು. ಆಗಸ್ಟ್ 24ಕ್ಕೆ ಬಾಗಿಲು ಹಾಕುವಷ್ಟರಲ್ಲಿ ಸುಮಾರು 6.8 ಲಕ್ಷ ಕಾರು ಗುಜರಿ ಸೇರಿದ್ದವು.

ಒಂದು ಷರತ್ತು ಮಾತ್ರ ನನಗೆ ಮರೆಯಲಾಗಿಲ್ಲ. ತರುವ ಕಾರು ಓಡುವ ಸ್ಥಿತಿಯಲ್ಲಿರಬೇಕು. ಕೆಟ್ಟು ನಿಂತಿದ್ದಕ್ಕೆ ದುಡ್ಡಿಲ್ಲ. ತಂದ ಮೇಲೆ ಅದು ಮತ್ತೆಂದೂ ಓಡಬಾರದು. ಅದಕ್ಕೆ ಅವರು ಕಂಡುಕೊಂಡ ದಾರಿ ಹೀಗಿತ್ತು: ಎಂಜಿನ್ ಆಯಿಲ್ ಪೂರ್ತಿ ಇಳಿಸಿ, ಆ ಜಾಗಕ್ಕೆ ಎರಡು ಲೀಟರಿನಷ್ಟು ಸೋಡಿಯಂ ಸಿಲಿಕೇಟ್ ದ್ರಾವಣ ಸುರಿಯುವುದು. ಆಮೇಲೆ ಸ್ಟಾರ್ಟ್ ಮಾಡಿ 2,000 ಆರ್‌ಪಿಎಂನಲ್ಲಿ ಇಟ್ಟು ಕಾಯುವುದು. ಆಯಿಲ್ ಪಂಪು ಪಾಪ, ತನಗೇನು ಗೊತ್ತು, ಆಯಿಲ್ ಅಂದುಕೊಂಡೇ ಅದನ್ನು ಎತ್ತಿ ಕ್ರ್ಯಾಂಕು, ಕ್ಯಾಮು ಅಂತ ಎಂಜಿನ್ನೊಳಗೆ ತಿರುಗುವ ದಂಡಗಳಿಗೆಲ್ಲಾ ಕಳಿಸುತ್ತದೆ. ಬಿಸಿಗೆ ನೀರಿನಂಶ ಆರಿ ಗಾಜಿನಂಥ ಗಟ್ಟಿ ಪದಾರ್ಥ ಉಳಿಯುತ್ತದೆ. ಅದು ಬೇರಿಂಗನ್ನು ಉಜ್ಜಿ ಉಜ್ಜಿ ತಿನ್ನುತ್ತದೆ, ಆಯಿಲ್ ಹೋಗುವ ದಾರಿ ಕಟ್ಟುತ್ತದೆ. ಕೆಲವೇ ನಿಮಿಷಗಳಲ್ಲಿ ಎಂಜಿನ್ ಏದುಸಿರು ಬಿಟ್ಟು ಸೀಜ್ ಆಗುತ್ತದೆ, ಅಂದರೆ ತಿರುಗದಂತೆ ಬಿಗಿದು ನಿಲ್ಲುತ್ತದೆ. ಆ ವೀಡಿಯೋಗಳು ಈಗಲೂ ಸಿಗುತ್ತವೆ. ನಾನು ಒಂದನ್ನೂ ಪೂರ್ತಿ ನೋಡಿಲ್ಲ.

ಬಾಗಿಲು, ಸೀಟು, ಲೈಟು ಬಿಚ್ಚಿ ಮಾರಲು ಅಡ್ಡಿಯಿರಲಿಲ್ಲ. ಎಂಜಿನ್ ಬ್ಲಾಕ್ ಮಾತ್ರ ಮಾರುವಂತಿಲ್ಲ. ಹಳೇ ಗಾಡಿಯಲ್ಲಿ ಬೆಲೆ ಬಾಳುವುದೇ ಅದು.

ಇಷ್ಟು ಬೈದ ಮೇಲೂ ಒಂದು ವಿಷಯದಲ್ಲಿ ಅಮೆರಿಕದವರ ಲೆಕ್ಕ ಸರಿಯಿತ್ತು ಅನ್ನಲೇಬೇಕು. ಅವರು ನೋಡಿದ್ದು ಮೈಲೇಜನ್ನು. ಬಂದ ಹಳೇ ಗಾಡಿಗಳ ಸರಾಸರಿ ಲೀಟರಿಗೆ ಸುಮಾರು 6.7 ಕಿ.ಮೀ., ಹೋದ ಹೊಸವುಗಳದ್ದು 10.6. ನಾಲ್ಕೇ ಕಿಲೋಮೀಟರ್ ಅಂತ ಮೂಗು ಮುರಿಯಬೇಡಿ. ನೂರು ಕಿ.ಮೀ. ಓಡಿಸಿದರೆ ಮೊದಲನೆಯದಕ್ಕೆ ಸುಮಾರು 15 ಲೀಟರ್ ಬೇಕು, ಎರಡನೆಯದಕ್ಕೆ ಒಂಬತ್ತೂವರೆ. ಅಂದರೆ ಐದೂವರೆ ಲೀಟರ್ ಉಳಿತಾಯ. ಅದೇ ಲೀಟರಿಗೆ 15 ಕಿ.ಮೀ. ಕೊಡುವ ಕಾರು ಬಿಟ್ಟು 20 ಕೊಡುವುದನ್ನು ತಗೊಂಡವನಿಗೆ ನೂರು ಕಿಲೋಮೀಟರಿಗೆ ಉಳಿಯುವುದು ಒಂದೂಮುಕ್ಕಾಲು ಲೀಟರೂ ಇಲ್ಲ.

ಈಗ ಹೊಸ ಕಾರು ತಯಾರಿಸುವಾಗಲೇ ಆರು ಟನ್ ಇಂಗಾಲದ ಡೈಆಕ್ಸೈಡ್ ಹೊರಬಂತು ಅಂತಿಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಬರುವುದು ಸುಮಾರು 2.3 ಕೆ.ಜಿ. 6.7ರ ಗಾಡಿ ಬಿಟ್ಟು 10.6ರದ್ದು ತಗೊಂಡವನು ಆ ಆರು ಟನ್ ತೀರಿಸಲು ಸುಮಾರು 47,000 ಕಿ.ಮೀ. ಓಡಿಸಿದರೆ ಸಾಕು. 15ರಿಂದ 20ಕ್ಕೆ ಹೋದವನು ಒಂದೂವರೆ ಲಕ್ಷಕ್ಕೂ ಹೆಚ್ಚು ಓಡಿಸಬೇಕು. ಭಾನುವಾರಕ್ಕೊಮ್ಮೆ ಹೊರಗೆ ತೆಗೆಯುವ ಗಾಡಿಯಾದರೆ ಈ ಜನ್ಮದಲ್ಲಿ ತೀರಲಿಕ್ಕಿಲ್ಲ. ಹೊಗೆಯ ಮಾತು ಬೇರೆ. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ, ರಿಂಗು ಸವೆದು ಆಯಿಲ್ ಸುಡುವ ಗಾಡಿ ಊರೊಳಗೆ ಓಡಾಡುತ್ತಿದ್ದರೆ ಅದನ್ನು ತೆಗೆಸಲು ದುಡ್ಡು ಕೊಟ್ಟರೂ ತಪ್ಪಿಲ್ಲ. ಕೆಲಸ ಕಳೆದುಕೊಳ್ಳುವವನೇ ಹೇಳುತ್ತಿದ್ದೇನೆ.

ಜರ್ಮನಿ ಅದೇ 2009ರಲ್ಲಿ ಮಾಡಿದ್ದು ಇನ್ನೂ ದೊಡ್ಡ ಜಾತ್ರೆ. ಕಾರಿಗೆ ಒಂಬತ್ತು ವರ್ಷ ತುಂಬಿದ್ದರೆ 2,500 ಯೂರೋ. ಅದು ಎಷ್ಟು ಕುಡಿಯುತ್ತದೆ, ಎಷ್ಟು ಓಡುತ್ತದೆ ಅಂತ ಕೇಳಿದವರೇ ಇಲ್ಲ. 150 ಕೋಟಿ ಯೂರೋ ಅಂತ ಶುರುವಾದದ್ದು 500 ಕೋಟಿಗೆ ಮುಟ್ಟಿತು. ಎಂಜಿನ್ ಕೊಲ್ಲುವ ಕ್ರಮ ಅಲ್ಲಿರಲಿಲ್ಲವಾದ್ದರಿಂದ, ಗುಜರಿ ಸೇರಬೇಕಿದ್ದ ಕೆಲವು ಕಾರುಗಳು ಸದ್ದಿಲ್ಲದೆ ಆಫ್ರಿಕಾ, ಪೂರ್ವ ಯುರೋಪಿನ ಕಡೆ ಹೋದವು ಅಂತ ಸುದ್ದಿಯಾಯಿತು. ನಿಯಮದ ಪ್ರಕಾರ ಅಪರಾಧವೇ. ಆದರೂ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ!

ವ್ಯಾಪಾರವಾದರೂ ಬೆಳೆಯಿತೇ? ಜರ್ಮನಿಯಲ್ಲಿ ಆ ವರ್ಷ 38 ಲಕ್ಷ ಹೊಸ ಕಾರು ನೋಂದಣಿಯಾದವು. ಮರುವರ್ಷ ಸುಮಾರು 29 ಲಕ್ಷಕ್ಕೆ ಬಿತ್ತು, ಯೋಜನೆಗೆ ಮುಂಚಿನ ವರ್ಷಕ್ಕಿಂತಲೂ ಕಡಿಮೆ. ಅಮೆರಿಕದ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞರಾದ ಆತಿಫ್ ಮಿಯಾನ್, ಅಮೀರ್ ಸೂಫಿ ಅವರಿಗೂ ಅಂಥದ್ದೇ ಕಂಡಿತು: ಹೆಚ್ಚಾಗಿ ಮಾರಾಟವಾದದ್ದು ಹೇಗೂ ಮುಂದಿನ ತಿಂಗಳುಗಳಲ್ಲಿ ಮಾರಾಟವಾಗಬೇಕಿದ್ದ ಕಾರುಗಳೇ. ನಾಳೆಯ ಗಿರಾಕಿ ಇವತ್ತೇ ಬಂದ, ಅಷ್ಟೇ. ಟೆಕ್ಸಾಸ್ ರಾಜ್ಯದ ಅಂಕಿಅಂಶ ಹಿಡಿದು ಮಾಡಿದ ಇನ್ನೊಂದು ಅಧ್ಯಯನದಲ್ಲಿ, ಮೈಲೇಜಿನ ಷರತ್ತಿನಿಂದ ಜನ ಸಣ್ಣ, ಅಗ್ಗದ ಕಾರು ಆರಿಸಿಕೊಂಡು ಕಂಪನಿಗಳ ಒಟ್ಟು ಆದಾಯವೇ ಇಳಿದದ್ದು ಕಂಡುಬಂತು.

ಇದರಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವನು ಸೆಕೆಂಡ್ ಹ್ಯಾಂಡ್ ಗಿರಾಕಿ. ಸಹಾಯಧನ ಸಿಕ್ಕರೂ ಉಳಿದ ದುಡ್ಡು ಹೊಂದಿಸಲಾಗದವನಿಗೆ ಹೊಸ ಕಾರು ಹೇಗೂ ದಕ್ಕುವುದಿಲ್ಲ. ಅವನು ಕೊಳ್ಳಬಹುದಾಗಿದ್ದ ಗಾಡಿ, ಅದರ ರಿಪೇರಿಗೆ ಬೇಕಾಗಿದ್ದ ಎಂಜಿನ್, ಎರಡಕ್ಕೂ ಗಾಜು ಕುಡಿಸಿಯಾಗಿದೆ. ಅದಕ್ಕೆ ಹೋದ ತೆರಿಗೆಯಲ್ಲಿ ಅವನದ್ದೂ ಪಾಲಿದೆ.

ಹೊಸ ಕಾರೇ ಕೊಳ್ಳಬೇಕೆಂಬ ಹಟ ಎಲ್ಲಾ ಕಡೆಯೂ ಇಲ್ಲ. ಕ್ಯಾಲಿಫೋರ್ನಿಯಾದ ಒಂದು ಯೋಜನೆಯಲ್ಲಿ ಹಳೇ ಗಾಡಿ ಒಪ್ಪಿಸಿ ದುಡ್ಡು ತಗೊಂಡು ಸುಮ್ಮನೆ ಮನೆಗೆ ಹೋಗಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹಳೇ ಕಾರು ಕೊಟ್ಟವರು ಬದಲಿಗೆ ಬಸ್ ಪಾಸನ್ನೋ ಎಲೆಕ್ಟ್ರಿಕ್ ಸೈಕಲ್ಲಿಗೆ ಸಹಾಯವನ್ನೋ ಆರಿಸಿಕೊಳ್ಳಬಹುದಿತ್ತು. ಇಂಥವು ಹೆಚ್ಚಾದರೆ ನನ್ನ ಕೆಲಸಕ್ಕೆ ಇನ್ನೂ ದೊಡ್ಡ ಪೆಟ್ಟು. ಆದರೂ ನನ್ನ ತೆರಿಗೆ ದುಡ್ಡು ಅಲ್ಲಿಗೆ ಹೋಗುವುದಾದರೆ ತಕರಾರಿಲ್ಲ.